ಬಾನೆಟಿನ ಕೆಳಗಿನ ಚೀಟಿ

ಯರಗುಪ್ಪಿಯ ಶಂಭುಲಿಂಗಪ್ಪನ ಮನೆಯಲ್ಲಿ ಒಂದು ಹಸಿರು ಕಾರು ಇತ್ತು. ಇತ್ತು ಅನ್ನುವುದಕ್ಕಿಂತ ನಿಂತಿತ್ತು ಅನ್ನುವುದೇ ಸರಿ. ಮಗ ಮಡಿವಾಳೆಪ್ಪ ಅದನ್ನು ಬಾಡಿಗೆಗೆ ಹೊಡೆಯುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಅದು ಕುಂದಗೋಳ ರಸ್ತೆಯ ಜಾಲಿಗಿಡಕ್ಕೆ ಮೂತಿ ಗುದ್ದಿಕೊಂಡಿತು. ಹುಬ್ಬಳ್ಳಿಯ ಮಾಬುಸಾಬನ ಗ್ಯಾರೇಜಿಗೆ ಹೋಗಿ ಮೂತಿ ನೆಟ್ಟಗೆ ಮಾಡಿಸಿಕೊಂಡು ಬಂದದ್ದು, ಆಷಾಢ ಬಂದರೂ ಕೊಟ್ಟಿಗೆಯ ಮಗ್ಗುಲು ಬಿಟ್ಟು ಅಲುಗಿರಲಿಲ್ಲ. ಯಾಕೆ ಎಂದು ಊರವರು ಕೇಳಿದರೆ ಶಂಭುಲಿಂಗಪ್ಪ, "ಪೆಟ್ರೋಲ್ ತುಟ್ಟಿ ಆಗೇತ್ರಿ, ಬಂಗಾರ ಸುಟ್ಟಂಗ ಆಗತೈತಿ" ಅನ್ನುತ್ತಿದ್ದ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಆ ಮಾತನ್ನು ಸುಳ್ಳು ಅನ್ನುವ ಗಂಡಸು ಇರಲಿಲ್ಲ. ಸೊಸೆ ಸುಶೀಲವ್ವನೂ ನಂಬಿದ್ದಳು. ಆರು ವರ್ಷ ಒಂದೇ ಒಲೆಯ ರೊಟ್ಟಿ ತಿಂದವರ ಮಾತು ನಂಬದೆ ಇನ್ನು ಯಾರ ಮಾತು ನಂಬಬೇಕು?

ಆ ಕಾರಿನ ಮೇಲೆ ಆಸೆ ಇಟ್ಟವನು ಅವಳ ಅಣ್ಣ, ಮಿಶ್ರಿಕೋಟಿಯ ಹೊಳೆಪ್ಪ. ಊರಿನ ಗೌಡರ ಟ್ರ್ಯಾಕ್ಟರ್ ಹೊಡೆದು ಅವನ ಕೈ ಪಳಗಿತ್ತು. ಬಸುರಿಯರನ್ನು, ಜ್ವರ ಬಂದವರನ್ನು ಹುಬ್ಬಳ್ಳಿಗೆ ಮುಟ್ಟಿಸಲು ಊರಿಗೊಂದು ಗಾಡಿ ಬೇಕು, ಅದನ್ನು ತಾನೇ ಹೊಡೆಯಬೇಕು ಎಂದು ಅವನ ಹಟ. ಅವನ ಹತ್ತಿರ ಒಂದು ಖಿಲಾರಿ ಎತ್ತಿನ ಜೋಡಿ ಇತ್ತು. ಶಂಭುಲಿಂಗಪ್ಪನಿಗೆ ಬೆಳೆಯ ಸಾಲಿನಲ್ಲಿ ಎಡೆ ಹೊಡೆಯಲು ಎತ್ತು ಬೇಕಿತ್ತು. ಬೀಗರಿಬ್ಬರೂ ಕೂತು ಮಾತಾಡಿದರು: ಎತ್ತು ಈಗ, ಕಾರು ಪಂಚಮಿಗೆ. ತಂಗಿಯನ್ನು ಹಬ್ಬಕ್ಕೆ ಕರೆಯಲು ಬಂದಾಗ ಅದೇ ಕಾರಿನಲ್ಲಿ ಅವಳನ್ನೂ ಕೂಸನ್ನೂ ಕೂಡಿಸಿಕೊಂಡು ಹೋಗುವುದು.

ಎತ್ತು ತಂದು ಕಟ್ಟಿದ ದಿನ ಹೊಳೆಪ್ಪ ಕೈಕಾಲು ತೊಳೆಯುವ ಮೊದಲೇ ಬಾಯಿ ಬಿಟ್ಟ.

"ಬೀಗರ, ಒಂದ್ ಮಾತ ಮೊದಲ ಹೇಳಿಬಿಡ್ತೀನಿ. ಎಡಗೋಲಿನ ಎತ್ತು ದುಡ್ಯಾಕ ಹುಲಿ. ಆದ್ರ ನೀರ ಕಂಡ್ರ ನಿಂದರತೈತಿ. ಕರ ಇದ್ದಾಗ ಒಮ್ಮೆ ಹಳ್ಳದಾಗ ತೇಲಿ ಹೋಗಿತ್ತು, ಆ ಅಂಜಿಕಿ. ಬಡೀಬ್ಯಾಡ್ರಿ. ಜರಾ ಹೊತ್ತ ಬಿಟ್ರ ತಾನ ದಾಟತೈತಿ."

"ಇಷ್ಟ ಸಣ್ಣ ಐಬು ಯಾರರ ಹೇಳ್ತಾರೇನೋ ತಮ್ಮಾ?" ಶಂಭುಲಿಂಗಪ್ಪ ನಕ್ಕ.

"ಹೇಳದ ಕೊಟ್ರ ಉಂಡದ್ದು ಮೈಗೆ ಹತ್ತೂದಿಲ್ರಿ. ಕಾರಿಂದ ಏನರ ಹೇಳೂದೈತೇನ್ರಿ?"

"ಕಾರಿಂದ ಏನಪಾ! ಮೂತಿ ಜರಾ ಬಡದಿತ್ತು, ನೆಟ್ಟಗ ಮಾಡಿಸೇವಿ. ಮತ್ತೇನಿಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಸುಶೀಲವ್ವ ಎರಡೂ ಮಾತು ಕೇಳಿಸಿಕೊಂಡಳು. ಅಣ್ಣನ ಮಾತಿಗೆ ಹೆಮ್ಮೆಪಟ್ಟಳು. ಮಾವನ ಮಾತಿಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಮರುದಿನವೇ ಶಂಭುಲಿಂಗಪ್ಪ ರೊಟ್ಟಿ ಮುರಿಯುತ್ತ ಸೊಸೆಯ ಕಡೆ ನೋಡಿದ.

"ಸುಶೀಲಾ, ಕಾರಿನ ಬಾನೆಟ್ ಒಳಗ ನೋಡಿಯೇನು? ಹೊಲಸೆದ್ದ ಹೋಗೇತಿ. ನಿಮ್ಮಣ್ಣ ತಗದ ನೋಡಿದ್ರ ಏನಂದಾನು? ಜರಾ ಚೊಕ್ಕ ಮಾಡಿ ಬಣ್ಣ ಹಚ್ಚು."

"ನಾ ಏನ ಮಿಸ್ತ್ರಿ ಅದೇನ್ರಿ ಮಾವಾರ?"

"ಎತ್ತಿನ ಕೋಡಿಗೆ ನಿನ್ನಂಗ ಬಣ್ಣ ಹಚ್ಚೋರು ಈ ಊರಾಗ ಯಾರದಾರ? ಕೋಡಿಗೆ ಹಚ್ಚಿದಾಕಿ ತಗಡಿಗೆ ಹಚ್ಚೂದಿಲ್ಲ?"

ಹೊಗಳಿದರೆ ಹೆಗಲ ಮೇಲೆ ಹೇರಿದ್ದು ಹಗುರ ಅನಿಸುತ್ತದೆ. ಸುಶೀಲವ್ವ ತವರಿನಲ್ಲಿ ಈ ಕೆಲಸ ಕಲಿತವಳು. ಕಾರಹುಣ್ಣಿಮೆಗೆ ಅವರಪ್ಪ ಎತ್ತಿನ ಕೋಡನ್ನು ಗಾಜಿನ ಚೂರಿನಿಂದ ಹೆರೆದು, ಎಣ್ಣೆ ಒರೆಸಿ, ಒಣಗಿಸಿ, ಆಮೇಲೆ ಬಣ್ಣ ಹಚ್ಚುತ್ತಿದ್ದ. ಹಳೇ ಬಣ್ಣದ ಮೇಲೆ ಹೊಸದು ಹಚ್ಚಿದರೆ ಎತ್ತಿಗೆ ಮಾಡಿದ ಮೋಸ ಅನ್ನುತ್ತಿದ್ದ. ಕುಂಚ ಹಿಡಿದು ಸಾಲು ತಪ್ಪದಂತೆ ಎಳೆಯುವುದು ಮಗಳಿಗೆ ಬಂತು, ಗಂಡುಮಕ್ಕಳಿಗೆ ಬರಲಿಲ್ಲ.

ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ ನೋಡಿದಳು. ಎಂಜಿನ್ನಿನ ಕಾವಿಗೆ ಮೇಲಿನ ಬಣ್ಣ ಸುಡಬಾರದೆಂದು ಮಡಿವಾಳೆಪ್ಪ ಯಾವಾಗಲೋ ಗೋಣಿತಟ್ಟು ಅಂಟಿಸಿದ್ದ. ಅಂಟಿಸಿದ್ದು ಟ್ಯೂಬಿನ ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ನಿನಿಂದ. ತಟ್ಟು ಉದುರಿ ಹೋಗಿತ್ತು, ಅಂಟು ಉಳಿದಿತ್ತು. ಕರ್ರಗೆ, ಜಿಗಿಜಿಗಿ, ಮುಟ್ಟಿದ ಬೆರಳನ್ನು ಬಿಡುತ್ತಿರಲಿಲ್ಲ. ನೀರು ಹಾಕಿದಳು, ಆಗಲಿಲ್ಲ. ಬೂದಿ ಹಾಕಿ ತಿಕ್ಕಿದಳು, ಬೂದಿಯೂ ಅಂಟಿಕೊಂಡಿತು. ಕೊನೆಗೆ ಅರಿವೆಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಜರಾ ಹೊತ್ತು ಒತ್ತಿ ಹಿಡಿದಳು. ಅಂಟು ಮೆತ್ತಗಾಗಿ ಎದ್ದಿತು. ಮೇಲೆ ಗಾಜಿನ ಚೂರನ್ನು ಮಲಗಿಸಿ ಹೆರೆದಳು, ಕೋಡು ಹೆರೆದ ಹಾಗೆ.

ಅತ್ತೆ ಸಾವಿತ್ರೆವ್ವ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಏನಬೇ ಇದು! ರೇಶನ್ನಿನ ಎಣ್ಣಿ ಕಾರಿಗೆ ಕುಡಿಸಾಕ ಹತ್ತೀಯಲ್ಲ, ಕತ್ತಲ್ದಾಗ ಒಬ್ಬರ ಬಾಯಾಗ ಒಬ್ಬರು ತುತ್ತ ಇಡೂದೇನು?"

"ಮಾವಾರು ಹೇಳ್ಯಾರ್ರಿ ಅತ್ತ್ಯಾರ."

"ಅವರೇನು ಹೇಳ್ತಾರ, ಒಲಿ ಮುಂದ ಕುಂದರಾಕಿ ನಾನು."

ಹೀಗೆ ದಿನಾ ಗೊಣಗಾಟ. ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಳಿಸಿ, ಸೆಗಣಿ ಎತ್ತಿ, ನೀರು ತಂದು, ಆಮೇಲೆ ಕಾರಿನ ಹೊಟ್ಟೆಯೊಳಗೆ ತಲೆ ಹಾಕುವುದು. ಐದು ವರ್ಷದ ಮಗಳು ನೀಲಕ್ಕ ಪಕ್ಕದಲ್ಲಿ ಕಲ್ಲಿನ ಮೇಲೆ ನಿಂತು, "ಯವ್ವಾ, ಇದು ನಮ್ಮ ಮಾಮಾನ ಕಾರ ಹೌದಲ್ಲ?" ಎಂದು ನೂರು ಸಲ ಕೇಳುತ್ತಿದ್ದಳು. ಸುಶೀಲವ್ವ ನೂರು ಸಲವೂ ಹೌದು ಅನ್ನುತ್ತಿದ್ದಳು. ಅಣ್ಣನ ಕಾರು ಎಂದಮೇಲೆ ಉಗುರಿನ ಸಂದಿಯ ಕರಿಯೂ ಹಗುರವೇ.

ಐದನೇ ದಿನ ಎಂಜಿನ್ನಿನ ಹಿಂದಿನ ತಗಡಿಗೆ ಕೈ ಹೋಯಿತು. ಎಣ್ಣೆಯ ಜಿಡ್ಡು ಒರೆಸಿದಾಗ ಅಲ್ಲೊಂದು ಚೀಟಿ ಕಂಡಿತು. ಬೆರಳುದ್ದದ ಕಾಗದ, ಅದೇ ಸೊಲ್ಯೂಷನ್ನಿನಿಂದ ಅಂಟಿಸಿದ್ದು. ಮೇಲೆ ಪೆನ್ಸಿಲಿನಲ್ಲಿ ಉರ್ದು ಅಕ್ಷರ. ಚೀಟಿಯ ಪಕ್ಕ ತಗಡಿನ ಮೇಲೆ ಕೆಂಪು ಬಣ್ಣದ ಒಂದು ಉಂಗುರ, ಉಂಗುರದ ನಡುವೆ ಕೂದಲೆಳೆಯಂಥ ಒಂದು ಗೆರೆ.

ಗಂಡ ಮಡಿವಾಳೆಪ್ಪ ಎತ್ತಿಗೆ ಮೇವು ಹಾಕುತ್ತಿದ್ದ. ಕರೆದಳು.

"ಏನ್ರಿ, ಇದೇನ ಚೀಟಿ?"

ಮಡಿವಾಳೆಪ್ಪ ಚೀಟಿ ನೋಡಿದ. ಆಮೇಲೆ ಎತ್ತಿನ ಕಡೆ ನೋಡಿದ.

"ಏನೋ ದರ್ಗಾದ್ದು ಇರಬೇಕು. ಕಿತ್ತ ಒಗಿ."

"ಕೆಂಪಂದು?"

"ಅದೂ ಅದ ಇರಬೇಕು. ಹೆರದು ಬಣ್ಣ ಹಚ್ಚಬೇ, ಎಷ್ಟ ಕೇಳ್ತಿ!"

ದರ್ಗಾದ ತಾಯಿತವನ್ನು ಕಿತ್ತು ಒಗೆಯುವುದೇ? ಹೆರಿಗೆಯಲ್ಲಿ ಕಷ್ಟವಾದಾಗ ಇದೇ ಸಾವಿತ್ರೆವ್ವ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿ ತಂದಿದ್ದಳು. ಅಲ್ಲಿಯ ದೇವರು ಬೇರೆಯೇ? ಸುಶೀಲವ್ವ ಎಣ್ಣೆಯ ಅರಿವೆಯನ್ನು ಚೀಟಿಯ ಮೇಲೆ ಒತ್ತಿ ಹಿಡಿದು, ಅಂಚಿನಿಂದ ಎಳೆ ಎಳೆಯಾಗಿ ಬಿಡಿಸಿದಳು. ಒಂದು ಮೂಲೆಯೂ ಹರಿಯಲಿಲ್ಲ, ಒಂದು ಅಕ್ಷರವೂ ಅಳಿಯಲಿಲ್ಲ. ಒಣಗಿಸಿ ಒಯ್ದು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ನಮ್ಮ ಅಣ್ಣನ ಗಾಡಿ ಕಾಯಪ್ಪಾ ಎಂದು ಕೈಮುಗಿದಳು. ದಿನಾ ದೀಪ ಹಚ್ಚುವಾಗ ಅದಕ್ಕೂ ಚೂರು ವಿಭೂತಿ ಹಚ್ಚಿದಳು. ಮಗಳ ಕೈಯಿಂದಲೂ ನಮಸ್ಕಾರ ಮಾಡಿಸಿದಳು.

ಇತ್ತ ಶಂಭುಲಿಂಗಪ್ಪ ಕುಂದಗೋಳ ಸಂತೆಯಿಂದ ಹಸಿರು ಬಣ್ಣದ ಡಬ್ಬಿ, ಪಾಲಿಷ್ ಕಾಗದ, ಸಂದಿ ತುಂಬಲು ಒಂದು ಮುಷ್ಟಿ ಪುಟ್ಟಿ ತಂದುಕೊಟ್ಟ. ಎಂದೂ ಕೊಟ್ಟಿಗೆಯ ಕಡೆ ಬರದವನು ಅಂದು ಸೊಸೆಯ ಬೆನ್ನ ಹಿಂದೆ ನಿಂತ.

"ಆ ಗೆರಿ ಐತೆಲ್ಲ, ಬಣ್ಣ ಬಿರಿತದ್ದು ಅದು. ಪುಟ್ಟಿ ತುಂಬಿ ತಿಕ್ಕಿಬಿಡು."

ಸುಶೀಲವ್ವ ತುಂಬಿದಳು, ತಿಕ್ಕಿದಳು, ಮೂರು ಕೈ ಬಣ್ಣ ಹಚ್ಚಿದಳು. ಬೆರಳಾಡಿಸಿದರೂ ಗೊತ್ತಾಗದಂತೆ ಮಾಡಿದಳು. ಶಂಭುಲಿಂಗಪ್ಪ ಬಗ್ಗಿ ನೋಡಿ, "ಭಲೆ! ಹೆತ್ತ ತಾಯಿಗೂ ಗುರ್ತ ಹತ್ತೂದಿಲ್ಲ" ಎಂದ. ಪಾಪದವಳು, ಖುಷಿಯಾದಳು.

ಪಂಚಮಿಗೆ ಮೂರು ದಿನ ಇದ್ದಾಗ ಬಳೆಗಾರ್ತಿ ಖಾದರಬಿ ಬಂದಳು. ಹಬ್ಬಕ್ಕೆ ತವರಿಗೆ ಹೋಗುವ ಹೆಣ್ಣುಮಕ್ಕಳು ಬರಿಗೈಯಲ್ಲಿ ಹೋಗಬಾರದಲ್ಲ. ಕುಂದಗೋಳದಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಇಪ್ಪತ್ತು ವರ್ಷದಿಂದ ಆ ಮನೆಗೆ ಬರುವವಳು. ಹುಬ್ಬಳ್ಳಿಯ ಮಾಬುಸಾಬ ಅವಳ ಬೆನ್ನಿಗೆ ಬಿದ್ದ ತಮ್ಮ. ಕಾರು ಅವನ ಗ್ಯಾರೇಜಿಗೆ ಹೋದದ್ದೂ ಅವಳ ಮಾತಿನಿಂದಲೇ.

ಪಡಸಾಲೆಯಲ್ಲಿ ಕೂತು ಸುಶೀಲವ್ವನ ಎಡಗೈಗೆ ಹಸಿರು ಬಳೆ ಇಡಿಸಿ ಮುಗಿಸಿ ಬಲಗೈ ಹಿಡಿದಿದ್ದಳು. ಒಳಗೆ ಸಾವಿತ್ರೆವ್ವ ಶೇಂಗಾ ಹುರಿಯುತ್ತಿದ್ದಳು. ಖಾದರಬಿಯ ಕಣ್ಣು ಜಗಲಿಯ ಮೇಲೆ ಹೋಯಿತು.

"ಅದೇನ ಬೇಟಾ, ನಿಮ್ಮ ದೇವರ ಹತ್ರ ನಮ್ಮ ಅಕ್ಷರ?"

"ದರ್ಗಾದ ತಾಯಿತ. ಕಾರಿನ್ಯಾಗಿತ್ತು."

"ಯಾವ ದರ್ಗಾದ್ದು? ತಾ ನೋಡೂಣು."

ಖಾದರಬಿ ಸಣ್ಣವಳಿದ್ದಾಗ ಮಸೀದಿಯ ಮುಲ್ಲಾನ ಹತ್ತಿರ ಮೂರು ವರ್ಷ ಕಲಿತವಳು. ಚೀಟಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ವಿಭೂತಿ ಊದಿದಳು, ಫಕ್ಕನೆ ನಕ್ಕಳು.

"ತಾಯಿತ ಎಲ್ಲೀದ! ಇದು ನಮ್ಮ ಮಾಬೂನ ಕೈಬರಹ. ತನಗ ಮನಸ್ಸ ಒಪ್ಪದ ಗಾಡಿಗೆ ಕೆಂಪ ಉಂಗರ ಬರದು ಚೀಟಿ ಅಂಟಿಸ್ತಾನ, ಗ್ಯಾರೇಜಿನ ಹುಡುಗರು ಮುಟ್ಟಬಾರ್ದಂತ."

"ಏನ ಬರದಾನ?"

ಖಾದರಬಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದುತ್ತಾ ಓದುತ್ತಾ ಅವಳ ನಗು ಹೋಯಿತು.

"'ಸ್ಟೇರಿಂಗ ಹಿಡಿಯೋ ತಗಡ ಸೀಳೇತಿ. ವೆಲ್ಡಿಂಗ ಮಾಡಿದ್ರ ತಾಳೂದಿಲ್ಲ. ತಗಡ ಬದಲ ಮಾಡೂ ಮಟ ಗಾಡಿ ಓಡಸಬಾರದು, ಜೀವಕ್ಕ ಅಪಾಯ. ಮಾಲಕರಿಗೆ ಹೇಳೇನಿ.' ಕೆಳಗ ಸಹಿ ಐತಿ."

"ಇನ್ನೊಮ್ಮೆ ಓದ್ರಿ."

"'ಮಾಲಕರಿಗೆ ಹೇಳೇನಿ' ಅಂತ ಐತಿ, ಬೇಟಾ. ಕೈ ಬಿಗಿ ಬಿಡು. ಬಿಡಬೇ! ಬಳಿ ಏರವಲ್ದು."

ಸುಶೀಲವ್ವ ಮುಷ್ಟಿ ಬಿಡಲಿಲ್ಲ. ಬಳೆ ಚಟ್ಟನೆ ಒಡೆದು ಚೂರು ಪಡಸಾಲೆಯ ತುಂಬ ಸಿಡಿಯಿತು. ಒಳಗೆ ಶೇಂಗಾ ಹುರಿಯುವ ಸದ್ದು ನಿಂತಿತ್ತು. ಅತ್ತೆ ಕೇಳಿಸಿಕೊಂಡಿದ್ದಳು, ಹೊರಗೆ ಮಾತ್ರ ಬರಲಿಲ್ಲ.

ಅವಳಿಗೆ ಬಂದ ಸಿಟ್ಟು ಎಂಥದೆಂದರೆ ಅಳು ಕೂಡ ಹತ್ತಿರ ಬರಲು ಅಂಜಿತು. ಹದಿನೈದು ದಿನ ಅಣ್ಣನ ಸಾವಿನ ಚೀಟಿಗೆ ವಿಭೂತಿ ಹಚ್ಚಿ ಕೈಮುಗಿದಿದ್ದಳು! ಆ ಬಿರುಕಿಗೆ ಪುಟ್ಟಿ ತುಂಬಿದ್ದು ಅವಳ ಬೆರಳು. ಮೂರು ಕೈ ಬಣ್ಣ ಹಚ್ಚಿದ್ದು ಅವಳ ಕೈ. ಬೆನ್ನ ಹಿಂದೆ ನಿಂತು ಭಲೆ ಅಂದದ್ದು ಮಾವ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಅನ್ನುವುದನ್ನು ಕೇಳಿದ್ದಳು. ಒಂದೇ ಒಲೆಯ ರೊಟ್ಟಿ ಬಡಿದು ಹಾಕುವಾಗ ಅದು ನೆನಪಿಗೆ ಬಂದಿರಲಿಲ್ಲ.

ಸಂಜೆ ಗಂಡಸರು ಉಣ್ಣಲು ಕೂತರು. ಸುಶೀಲವ್ವ ರೊಟ್ಟಿ ಹಾಕಿದಳು, ಪುಂಡಿಪಲ್ಯ ಹಾಕಿದಳು. ಮಾವನ ತಾಟಿನಲ್ಲಿ, ರೊಟ್ಟಿಯ ಮೇಲೆ, ಚೀಟಿ ಇಟ್ಟಳು.

"ಏನಿದು?"

"ಉಣ್ರಿ ಮಾವಾರ. ನಮ್ಮಣ್ಣಗ ಬಡಸಾಕ ಇಟ್ಟಿದ್ರೆಲ್ಲ, ಮೊದಲ ನೀವು ರುಚಿ ನೋಡ್ರಿ."

ಮಡಿವಾಳೆಪ್ಪನ ತುತ್ತು ಬಾಯಿಯ ಹತ್ತಿರ ನಿಂತಿತು. ಶಂಭುಲಿಂಗಪ್ಪನ ಮುಖ ಒಂದು ಗಳಿಗೆ ಸುಟ್ಟ ಬದನೆಕಾಯಿಯಾಯಿತು. ಮರುಗಳಿಗೆ ಗಂಟಲು ಎತ್ತಿದ.

"ಯಾರ ಓದಿದ್ರು ಇದನ್ನ? ಆ ಬಳಿಗಾರ್ತಿ ಏನು? ಅವರ ತಮ್ಮ ತನ್ನ ಗಿರಾಕಿ ಹೆಚ್ಚಿಸ್ಕೊಳ್ಳಾಕ ಹಿಂಗೆಲ್ಲ ಬರೀತಾನ. ಗಾಡಿಗೇನೂ ಆಗಿಲ್ಲ."

"ಏನೂ ಆಗಿಲ್ಲಂದ್ರ ಐದು ತಿಂಗಳಿಂದ ಯಾಕ ನಿಂತೈತ್ರಿ?"

"ಪೆಟ್ರೋಲ್…"

"ಪೆಟ್ರೋಲ್ ಸುದ್ದಿ ಊರ ಮಂದಿಗೆ ಹೇಳ್ರಿ! ನಮ್ಮಣ್ಣ ಎತ್ತ ನೀರಿಗೆ ಅಂಜತೈತಿ ಅಂತ ಹೇಳಿ ಕೊಟ್ಟ. ನೀವು ಅಂವನ ಜೀವಾನ ತೆಗಿಯೂ ಗಾಡಿಗೆ ನನ್ನ ಕೈಲೇ ಬಣ್ಣ ಹಚ್ಚಸಿದ್ರಿ!"

"ಏ, ಮತ್ತ ಯಾರಿಗೆ ಕೊಡಬೇಕು?" ಶಂಭುಲಿಂಗಪ್ಪನ ಬಾಯಿಂದ ಖರೆ ಮಾತು ಜಾರಿತು. "ಮಂದಿ ಬಂದ್ರ ಸಂಗಾಟ ಮಿಸ್ತ್ರಿ ಕರಕೊಂಡು ಬರ್ತಾರ. ಬೀಗರಾದ್ರ ನಂಬಿ ಒಯ್ತಾರ. ಒಯ್ದು ನಿಧಾನಕ್ಕ ರಿಪೇರಿ ಮಾಡಿಸ್ಕೋತಾನ."

"ನಂಬತಾನ ಅಂತ ಕೊಡಾಕ ಹತ್ತೀರಿ?"

ಸುಶೀಲವ್ವ ಗಂಡನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತು. ದರ್ಗಾದ್ದು ಅಂತ ಬಾಯಿ ಹೊರಳಿಸಿ ಹೇಳಿದ್ರಿ. ಅದ ಗಾಡ್ಯಾಗ ನಿಮ್ಮ ಹೇಣ್ತಿ, ನಿಮ್ಮ ಮಗಳು ಕುಂದ್ರೋರಿದ್ರೆಲ್ರಿ!"

"ನೀವಿಬ್ಬರೂ ಬಸ್ಸಿಗೆ ಹೋಗ್ರಿ ಅಂತ ಹೇಳಾಂವಿದ್ದೆ," ಮಡಿವಾಳೆಪ್ಪ ತಾಟಿಗೆ ಹೇಳಿದ.

"ಅಣ್ಣ ಒಬ್ಬನ ಕಾರಿನ್ಯಾಗ?"

ಸಾವಿತ್ರೆವ್ವ ಒಲೆಯ ಮುಂದಿನಿಂದ, "ಗಂಡಸರ ಯವಾರದಾಗ ಬಾಯಿ ಹಾಕಬ್ಯಾಡ ನೀ. ಗಾಡಿ ಛಲೋ ಐತಿ ಅಂದ್ರ ಛಲೋ ಐತಿ. ಸುಮ್ಮನಿರು" ಎಂದಳು. ಮುಖ ಮಾತ್ರ ಒಲೆಯ ಕಡೆಗೇ ಇತ್ತು.

ಶಂಭುಲಿಂಗಪ್ಪ ಎದ್ದ. ಚೀಟಿಯನ್ನು ಮುದ್ದೆ ಮಾಡಿ ಒಲೆಗೆ ಒಗೆದ. ಚಿಮಣಿ ಎಣ್ಣೆ ಕುಡಿದ ಕಾಗದ, ಭಗ್ಗನೆ ಹತ್ತಿತು.

"ಈಗ ಏನೈತಿ ನಿನ್ನ ಹತ್ರ? ನಿನ್ನ ಕೈಲೇ ಹಚ್ಚಿದ ಬಣ್ಣ ಐತಿ. ಈ ಮಾತ ತವರಿಗೆ ಮುಟ್ಟಿಸಿದ್ಯೋ, ಪಂಚಮಿಗೆ ಹೋದಾಕಿ ತಿರುಗಿ ಈ ಹೊಸ್ತಿಲಾ ದಾಟಬ್ಯಾಡ. ತಿಳೀತಿಲ್ಲೋ?"

"ತಿಳೀತ್ರಿ," ಅಂದಳು ಸುಶೀಲವ್ವ.

ಆಮೇಲಿನ ಎರಡು ದಿನ ಮನೆಯಲ್ಲಿ ಮಾತಿಗೆ ಬರ ಬಂತು. ಕೆಲಸಕ್ಕೆ ಬರವಿರಲಿಲ್ಲ. ಸುಶೀಲವ್ವ ರೊಟ್ಟಿಯನ್ನು ಎಷ್ಟು ಜೋರಾಗಿ ಬಡಿದಳೆಂದರೆ ನೆರೆಮನೆಯವರು ಗೋಡೆಯ ಮೇಲಿಂದ ಇಣುಕಿದರು. ಅತ್ತೆ ಸೊಸೆಯರು ಎದುರು ಬದುರು ಕೂತು ಉಂಡಿ ಕಟ್ಟಿದರು: ಎಳ್ಳಿನದು, ಶೇಂಗಾದ್ದು, ತಂಬಿಟ್ಟು. ಒಮ್ಮೆ ಸಾವಿತ್ರೆವ್ವ, "ಬೆಲ್ಲದ ಪಾಕ ಗಟ್ಟಿ ಆತು" ಎಂದಳು. ಸೊಸೆ ಇನ್ನೊಂದು ಉಂಡಿ ಕಟ್ಟಿದಳು. ಏನು ಮಾಡಬೇಕೆಂದು ಆಗಲೇ ಗೊತ್ತು ಮಾಡಿಕೊಂಡಿದ್ದಳು. ಹೇಳಿದರೆ ಮಾವ ಸುಳ್ಳಿ ಎನ್ನುತ್ತಾನೆ, ಗಂಡ ನೆಲ ನೋಡುತ್ತಾನೆ. ಅಣ್ಣನಂತೂ ತಂಗಿಯ ಮನೆ ಮುರಿಯಬಾರದೆಂದು ಬೀಗರ ಮಾತೇ ನಂಬಿದಂತೆ ಮಾಡುತ್ತಾನೆ. ತನ್ನ ಬಾಯಿಂದ ಬಂದರೆ ಅದು ಚಾಡಿ. ಆ ಮನೆಯ ಬಾಯಿಂದಲೇ ಬರಬೇಕು.

ಪಂಚಮಿಯ ಹಿಂದಿನ ದಿನ, ರೊಟ್ಟಿ ಹಬ್ಬದ ಬೆಳಿಗ್ಗೆ ಹೊಳೆಪ್ಪ ಬಂದ. ಹೊಸ ರುಮಾಲು ಸುತ್ತಿದ್ದ, ನೀಲಕ್ಕನಿಗೆ ಕೊಬ್ಬರಿ ಬಟ್ಟಲು ತಂದಿದ್ದ. ಊರಿನಲ್ಲಿ ಅವನ ಕಾರು ನೋಡಲು ಜನ ಕಾಯುತ್ತಿದ್ದರಂತೆ. ಬಾನೆಟ್ ಎತ್ತಿ ತೋರಿಸಿದವನು ಶಂಭುಲಿಂಗಪ್ಪನೇ.

"ನೋಡೋ ತಮ್ಮಾ, ಕನ್ನಡಿ ಆಗೇತಿ. ಎಲ್ಲಾ ನಿನ್ನ ತಂಗೀ ಕೆಲಸ."

"ಹೌದ ಸುಶೀ? ಅಪ್ಪನ ಕೈ ಬಂದೈತೆಲ್ಲ ನಿನಗ!" ಹೊಳೆಪ್ಪನ ಕಣ್ಣು ತುಂಬಿತು. ಬಣ್ಣದ ಮೇಲೆ ಬೆರಳಾಡಿಸಿದ. ಸುಶೀಲವ್ವನಿಗೆ ಆ ಬೆರಳು ನೋಡಲಾಗಲಿಲ್ಲ.

ಹೊಳೆಪ್ಪ ಚಕ್ರದ ಹಿಂದೆ ಕೂತ. ಸುಶೀಲವ್ವ ಮಗಳನ್ನು ಎತ್ತಿ ಅವನ ಪಕ್ಕ ಕೂಡಿಸಿ ಬಾಗಿಲು ಹಾಕಿದಳು. ಮಡಿವಾಳೆಪ್ಪ ಒಂದು ಹೆಜ್ಜೆ ಮುಂದೆ ಬಂದ. ಅಪ್ಪ ಕಣ್ಣು ಬಿಟ್ಟ. ಮಗ ಅಲ್ಲೇ ನಿಂತ. ಕಾರಿನ ಚಾವಿ ಬೆಳಿಗ್ಗೆಯಿಂದ ಸುಶೀಲವ್ವನ ಸೊಂಟದ ಗಂಟಿನಲ್ಲಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಅವಳು ಒಳಮನೆಗೆ ಕೇಳುವಂತೆ ಕೂಗಿದಳು.

"ಅತ್ತ್ಯಾರ! ನೀಲಕ್ಕ ಕಾರ ಹತ್ಯಾಳ್ರಿ! ಅವರ ಮಾಮಾ ಹಳ್ಳದ ಇಳಕಲ ಮಟ ಜೋರ ಹೊಡಕೊಂಡ ಹೋಗಿ ಬರ್ತಾನಂತ್ರಿ!"

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಸಾವಿತ್ರೆವ್ವ ಹೊಸ್ತಿಲು ಎಡವಿ, ಸೆರಗು ಜಾರಿ, ಐವತ್ತೈದು ವರ್ಷದ ಹೆಂಗಸು ಅಂಗಳದಲ್ಲಿ ಓಡಿ ಬಂದಳು. ಗಂಡನನ್ನು ನೋಡಲಿಲ್ಲ, ಮಗನನ್ನು ನೋಡಲಿಲ್ಲ. ಬಾಗಿಲು ಜಗ್ಗಿ ತೆಗೆದು, ಬೆಲ್ಲದ ಪಾಕ ಮೆತ್ತಿದ ಕೈಯಿಂದಲೇ ಮೊಮ್ಮಗಳನ್ನು ಬೆನ್ನಿಗೆ ಹಿಡಿದು ಹೊರಗೆ ಎಳೆದು ಎದೆಗೆ ಅವಚಿಕೊಂಡಳು.

"ಕೂಸಿನ ಕೂಡಸಬ್ಯಾಡೋ! ಇಳಿ, ಇಳಿಯೋ ನೀನೂ!"

ಹೊಳೆಪ್ಪ ನಿಧಾನವಾಗಿ ಕೆಳಗಿಳಿದ. ಬೀಗಿತ್ತಿಯ ಮುಖ ನೋಡಿದ, ಬೀಗನ ಮುಖ ನೋಡಿದ. ಕೇಳುವುದು ಏನೂ ಉಳಿದಿರಲಿಲ್ಲ.

"ಛಲೋ ಐತಿ ಅಂದಿದ್ರೆಲ್ಲ ಅತ್ತ್ಯಾರ," ಅಂದಳು ಸುಶೀಲವ್ವ. "ಛಲೋ ಇದ್ದ ಗಾಡಿಯಿಂದ ಮೊಮ್ಮಗಳನ್ನ ಯಾಕ ಇಳಿಸಿದ್ರಿ? ನಿಮ್ಮ ಮೊಮ್ಮಗಳದ್ದು ಜೀವ, ನಮ್ಮವ್ವ ಹೆತ್ತಾಂವಂದೇನು?"

ಸಾವಿತ್ರೆವ್ವ ಕೂಸಿನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಸುಶೀಲವ್ವ ಗಾಜಿನ ಚೂರು ತಂದು, ಬಾನೆಟ್ ಕೆಳಗೆ ಬಗ್ಗಿ, ತಾನೇ ಹಚ್ಚಿದ ಬಣ್ಣ ಹೆರೆದಳು. ಹಸಿರು ಸುರುಳಿ ಸುರುಳಿಯಾಗಿ ಎದ್ದಿತು. ಪುಟ್ಟಿ ಉದುರಿತು. ಬಿರುಕು ಮೊದಲಿಗಿಂತ ಅಗಲವಾಗಿತ್ತು. ಹೊಳೆಪ್ಪ ಅದರೊಳಗೆ ಉಗುರು ಹಾಕಿ ನೋಡಿದ.

"ಬೀಗರ, ನಾ ಎತ್ತಿನ ಐಬು ಹೇಳಿ ಕೊಟ್ಟಿದ್ದೆ."

"ನಿಧಾನ ಹೋದ್ರ ಏನೂ ಆಗತಿದ್ದಿಲ್ಲೋ," ಅಂದ ಶಂಭುಲಿಂಗಪ್ಪ.

ಹೊಳೆಪ್ಪ ತಂಗಿಯ ಹತ್ತಿರ ಬಂದು ದನಿ ಇಳಿಸಿದ. "ಇರ್ಲಿ ಬಿಡವಾ ಸುಶೀ. ಎತ್ತ ಇಲ್ಲೇ ಇರ್ಲಿ. ಗಾಡಿ ಎಳಸ್ಕೊಂಡ ಒಯ್ದು ರಿಪೇರಿ ಮಾಡಸ್ತೀನಿ. ನಿನ್ನ ಬಾಳೇದ ಮುಂದ ಇದೇನ ದೊಡ್ಡದು?"

"ಅಣ್ಣಾ," ಅಂದಳು, "ನೀನೂ ಬಣ್ಣ ಹಚ್ಚಾಕ ನಿಂತೇನ?"

ಸುಶೀಲವ್ವ ಬಾನೆಟ್ ಇಳಿಸಿ, ಚಾವಿಯನ್ನು ಗಂಟಿನಿಂದ ಬಿಚ್ಚಿ ಅದರ ಮೇಲೆ ಇಟ್ಟಳು. ಕೊಟ್ಟಿಗೆಗೆ ಹೋಗಿ ಎತ್ತಿನ ಹಗ್ಗ ಬಿಚ್ಚಿದಳು. ಶಂಭುಲಿಂಗಪ್ಪ, "ಹೋದ್ರ ತಿರುಗಿ…" ಎಂದು ಶುರು ಮಾಡಿದ. ಅದನ್ನು ಮುಗಿಸಲು ಬಿಡದೆ ಸಾವಿತ್ರೆವ್ವ ಮಗನಿಗೆ ಹೇಳಿದಳು.

"ಚಕ್ಕಡಿ ಹೂಡೋ ಮಡಿವಾಳ. ಕೂಸು ಮಿಶ್ರಿಕೋಟಿ ಮಟ ನಡೀತೈತೇನು?"

ಗಂಡನ ಮಾತು ತುಂಡು ಮಾಡಿದ್ದು ಆ ಹೆಂಗಸು ಮದುವೆಯಾದಮೇಲೆ ಅದೇ ಮೊದಲು. ಮಡಿವಾಳೆಪ್ಪ ತಲೆ ಬಗ್ಗಿಸಿಕೊಂಡು ಚಕ್ಕಡಿ ಹೂಡಿದ. ಹೆಂಡತಿಗೆ, "ಯಾವಾಗ ಬರ್ತಿ?" ಎಂದು ಕೇಳಿದ. "ನಿಮಗ ಬಾಯಿ ಬಂದಾಗ ನೀವ ಬರ್ರಿ," ಎಂದು ಅವಳು ಹತ್ತಿ ಕೂತಳು. ಎಡಗೈ ತುಂಬ ಬಳೆ, ಬಲಗೈಯಲ್ಲಿ ಎರಡೇ.

ಊರ ಹೊರಗಿನ ಹಳ್ಳದಲ್ಲಿ ಮೊಣಕಾಲುದ್ದ ನೀರಿತ್ತು. ದಂಡೆಗೆ ಬಂದದ್ದೇ ಎಡಗೋಲಿನ ಎತ್ತು ನಾಲ್ಕೂ ಕಾಲು ಊರಿ ನಿಂತಿತು. ಹೊಳೆಪ್ಪ ಬಾರುಕೋಲು ಮಡಿಲಲ್ಲಿ ಇಟ್ಟುಕೊಂಡ.

"ಹೇಳಿದ್ನೆಲ್ಲ, ನಿಂದರತೈತಿ ಅಂತ."

"ಹೇಳಿದ್ದಿ," ಅಂದಳು ಸುಶೀಲವ್ವ. ಅಷ್ಟು ಹೊತ್ತಿಗೆ ಅವಳಿಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ನೀಲಕ್ಕ ಕೊಬ್ಬರಿ ಬಟ್ಟಲು ಕಡಿಯುತ್ತ ಬೆನ್ನು ತಿರುಗಿಸಿ ಕೂತಿದ್ದಳು. ಹೊಸ ಫ್ರಾಕಿನ ಬೆನ್ನಿನ ಮೇಲೆ ಬೆಲ್ಲದ ಪಾಕದ ಐದು ಬೆರಳು ಒಣಗಿ ಅಂಟಿಕೊಂಡಿದ್ದವು.

"ತಾ, ಎತ್ತ ನಿಂತೈತಿ, ನೀರ ಇಲ್ಲೇ ಐತಿ, ತೊಳದ ಬಿಡ್ತೀನಿ," ಎಂದು ಹೊಳೆಪ್ಪ ಕೂಸಿಗೆ ಕೈ ಚಾಚಿದ.

ಸುಶೀಲವ್ವ ಮಗಳನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಡಣ್ಣಾ, ಇರ್ಲಿ. ಆ ಮನ್ಯಾಗ ಖರೆ ಹೇಳಿದ್ದು ಇದೊಂದ ಕೈ."